ಲೋಕಸ್ ಆಫ್ ಕಂಟ್ರೋಲ್: ‘ಆಂತರಿಕ ಒಳ್ಳೆಯದು, ಬಾಹ್ಯ ಕೆಟ್ಟದ್ದು’ ಎಂಬ ಮಾತು ಎಷ್ಟು ಸರಿ?

ತಾಳೆಗರಿ (ಚರ್ಚೆ ಆರಂಭಿಸಿದವರು)

ವ್ಯಕ್ತಿತ್ವ ವಿಕಸನದ ಉಪನ್ಯಾಸಗಳಲ್ಲಿಯೂ ಕಚೇರಿಗಳ ತರಬೇತಿ ಶಿಬಿರಗಳಲ್ಲಿಯೂ ಪದೇ ಪದೇ ಕೇಳಿಬರುವ ಮಾತೊಂದಿದೆ. ಜನರಲ್ಲಿ ಎರಡು ಬಗೆ. ಬದುಕಿನ ಚುಕ್ಕಾಣಿ ತಮ್ಮ ಕೈಯಲ್ಲೇ ಇದೆ ಎಂದು ನಂಬುವವರು ಮುಂದೆ ಬರುತ್ತಾರೆ, ಎಲ್ಲವೂ ಹಣೆಬರಹ ಎಂದು ಕೈಚೆಲ್ಲಿ ಕೂರುವವರು ಹಿಂದೆ ಉಳಿಯುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಅದನ್ನೊಂದು ಹಿತವಚನವೆಂದು ಬಿಟ್ಟುಬಿಡಬಹುದಿತ್ತು. ಆದರೆ ಅದರ ಮೇಲೆ ‘ಲೋಕಸ್ ಆಫ್ ಕಂಟ್ರೋಲ್’, ಅಂದರೆ ನಿಯಂತ್ರಣದ ನೆಲೆ, ಎಂಬ ಮನೋವಿಜ್ಞಾನದ ಮುದ್ರೆಯನ್ನೂ ಒತ್ತಲಾಗುತ್ತದೆ. ಈ ಪರಿಕಲ್ಪನೆಯನ್ನು ರೂಪಿಸಿದ ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ರಾಟರ್ ಇದರ ಪ್ರಮುಖ ಪ್ರಬಂಧವನ್ನು ಪ್ರಕಟಿಸಿದ್ದು 1966ರಲ್ಲಿ. ಜನ ಅದನ್ನು ಬಳಸುತ್ತಿದ್ದ ರೀತಿಯನ್ನು ಕಂಡು, ಅದರ ಸುತ್ತ ಬೆಳೆದ ತಪ್ಪು ಕಲ್ಪನೆಗಳ ಬಗ್ಗೆಯೇ ಅವರು 1975ರಲ್ಲಿ ಪ್ರತ್ಯೇಕ ಲೇಖನವೊಂದನ್ನು ಬರೆಯಬೇಕಾಯಿತು. ಆಂತರಿಕ ನೆಲೆಯವರೆಲ್ಲ ಒಳ್ಳೆಯವರು, ಬಾಹ್ಯ ನೆಲೆಯವರೆಲ್ಲ ಕೆಟ್ಟವರು ಎಂಬ ವಿಂಗಡಣೆ ಅವರು ಅಲ್ಲಿ ಎತ್ತಿ ತೋರಿಸಿದ ತಪ್ಪುಗಳಲ್ಲೊಂದು. ಅರ್ಧ ಶತಮಾನ ಕಳೆದರೂ ಆ ತಪ್ಪು ಹಾಗೆಯೇ ಉಳಿದಿದೆ.

ರಾಟರ್ ಅವರ ಮೂಲ ವಿಚಾರ ಹೀಗಿದೆ. ಒಂದು ಸನ್ನಿವೇಶದಲ್ಲಿ ಒಬ್ಬರು ಏನು ಮಾಡುತ್ತಾರೆ ಎಂಬುದು, ಹಾಗೆ ಮಾಡಿದರೆ ಫಲ ಸಿಗುತ್ತದೆ ಎಂಬ ಅವರ ನಿರೀಕ್ಷೆಯನ್ನೂ ಆ ಫಲಕ್ಕೆ ಅವರು ಕೊಡುವ ಬೆಲೆಯನ್ನೂ ಅವಲಂಬಿಸಿರುತ್ತದೆ. ನಿರೀಕ್ಷೆಗಳಲ್ಲಿ ಕೆಲವು ಆಯಾ ಸನ್ನಿವೇಶಕ್ಕೆ ಸೀಮಿತವಾದವು. ಇನ್ನು ಕೆಲವು ಹಲವಾರು ಅನುಭವಗಳಿಂದ ಬೆಳೆದು ಬೇರೆ ಬೇರೆ ಸನ್ನಿವೇಶಗಳಿಗೂ ಹಬ್ಬಿಕೊಂಡವು. ತನಗೆ ಸಿಗುವ ಫಲ ತನ್ನ ನಡವಳಿಕೆಯನ್ನು ಅನುಸರಿಸಿ ಬರುತ್ತದೆ ಎಂಬ ಹಬ್ಬಿದ ನಿರೀಕ್ಷೆಯನ್ನು ಆಂತರಿಕ ನೆಲೆ ಎಂದೂ, ಅದು ಅದೃಷ್ಟದಿಂದಲೋ ಬಲಾಢ್ಯರಾದ ಇತರರಿಂದಲೋ ಊಹೆಗೆ ನಿಲುಕದಷ್ಟು ಜಟಿಲವಾದ ಕಾರಣಗಳಿಂದಲೋ ಬರುತ್ತದೆ ಎಂಬುದನ್ನು ಬಾಹ್ಯ ನೆಲೆ ಎಂದೂ ಅವರು ಕರೆದರು. ಹಾಗಾಗಿ ಇದು ಒಂದು ನಿರೀಕ್ಷೆಯ ಹೆಸರೇ ಹೊರತು ಗುಣದ ಹೆಸರಲ್ಲ, ಸಾಮರ್ಥ್ಯದ ಹೆಸರೂ ಅಲ್ಲ.

ಈ ವಾಕ್ಯಗಳಲ್ಲಿರುವ ‘ಫಲಕ್ಕೆ ಕೊಡುವ ಬೆಲೆ’ ಎಂಬ ಭಾಗವನ್ನು ಬಹುತೇಕ ಜನ ಮರೆಯುತ್ತಾರೆ. ಓದಿದರೆ ಅಂಕ ಬರುತ್ತದೆ ಎಂದು ಸಂಪೂರ್ಣವಾಗಿ ನಂಬಿದ್ದರೂ ಓದದೆ ಕುಳಿತಿರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಆಂತರಿಕ ನೆಲೆ ಗಟ್ಟಿಯಾಗಿಯೇ ಇದೆ. ಆ ವಿಷಯದ ಅಂಕ ಅವಳಿಗೆ ಬೇಡವಾಗಿದೆ, ಅಷ್ಟೇ. ಅವಳಿಗೆ ‘ನಿನ್ನ ಬದುಕು ನಿನ್ನ ಕೈಯಲ್ಲಿದೆ’ ಎಂದು ಭಾಷಣ ಮಾಡಿ ಪ್ರಯೋಜನವಿಲ್ಲ. ಅವಳಿಗೆ ಅದು ಗೊತ್ತಿದೆ.

ಮಧ್ಯಾಹ್ನದ ಓದುಗ

ತಾಳೆಗರಿ ಅವರೇ, ವಿವರಣೆಗೆ ಧನ್ಯವಾದಗಳು. ಒಂದು ಸಂದೇಹವಿದೆ. ಅಂತರ್ಜಾಲದಲ್ಲಿ ಸಿಗುವ ಕಿರು ಪರೀಕ್ಷೆಗಳು ಕೊನೆಯಲ್ಲಿ ‘ನೀವು ಇಂಟರ್ನಲ್’ ಅಥವಾ ‘ನೀವು ಎಕ್ಸ್‌ಟರ್ನಲ್’ ಎಂದು ತೀರ್ಪು ಕೊಡುತ್ತವೆ. ಹಾಗೆ ತೀರ್ಪು ಕೊಡಲು ಎಲ್ಲೋ ಒಂದು ಗಡಿರೇಖೆ ಇರಲೇಬೇಕಲ್ಲವೇ? ಮೂಲ ಪರೀಕ್ಷೆಯಲ್ಲಿ ಅದು ಎಲ್ಲಿದೆ?

ಅಂಕಿಮನೆ

ಗಡಿರೇಖೆ ಇಲ್ಲ. ರಾಟರ್ ಅವರ ಮಾಪಕದಲ್ಲಿ ಜೋಡಿ ಹೇಳಿಕೆಗಳಿರುವ 29 ಪ್ರಶ್ನೆಗಳಿವೆ. ಅವುಗಳಲ್ಲಿ 6 ಪ್ರಶ್ನೆಗಳು ಪರೀಕ್ಷೆಯ ಉದ್ದೇಶ ಸುಲಭವಾಗಿ ತಿಳಿಯದಿರಲೆಂದು ಸೇರಿಸಿದವು. ಉಳಿದ 23ಕ್ಕೆ ಮಾತ್ರ ಅಂಕ. ಬಾಹ್ಯ ನೆಲೆಯ ಹೇಳಿಕೆಯನ್ನು ಆರಿಸಿದಷ್ಟೂ ಅಂಕ ಏರುತ್ತದೆ, ಹೀಗಾಗಿ ಮೊತ್ತ 0ಯಿಂದ 23ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಜನರ ಅಂಕಗಳು ಎರಡು ಗುಂಪುಗಳಾಗಿ ಒಡೆಯುವುದಿಲ್ಲ, ನಡುವೆಯೇ ಹೆಚ್ಚು ದಟ್ಟವಾಗಿರುತ್ತವೆ. ಸಂಶೋಧಕರು ಕೆಲವೊಮ್ಮೆ ತಮ್ಮ ಮಾದರಿಯ ಮಧ್ಯಾಂಕವನ್ನು ಹಿಡಿದು ಅದರ ಮೇಲಿನವರನ್ನು ಒಂದು ಗುಂಪು, ಕೆಳಗಿನವರನ್ನು ಇನ್ನೊಂದು ಗುಂಪು ಎಂದು ಕರೆದದ್ದುಂಟು. ಅದು ಲೆಕ್ಕದ ಅನುಕೂಲಕ್ಕೆ ಮಾಡಿದ ವಿಭಜನೆ. ಒಂದು ಅಧ್ಯಯನದಲ್ಲಿ ‘ಆಂತರಿಕ’ ಗುಂಪಿಗೆ ಸೇರಿದ ವ್ಯಕ್ತಿ ಅದೇ ಅಂಕದೊಂದಿಗೆ ಮತ್ತೊಂದು ಅಧ್ಯಯನದಲ್ಲಿ ‘ಬಾಹ್ಯ’ ಗುಂಪಿಗೆ ಬೀಳಬಹುದು. ಇದನ್ನು ವ್ಯಕ್ತಿಯ ಜಾತಕದಂತೆ ಓದುವುದು ಅಂಕಿಅಂಶದ ಅರಿವಿರುವವರು ಮಾಡುವ ಕೆಲಸವಲ್ಲ.

ಇನ್ನೂ ಒಂದು ತೊಡಕಿದೆ. ಮಾಪಕದ ಒಂದು ಜೋಡಿಯಲ್ಲಿ, ಜನರಿಗೆ ಬರುವ ಕಷ್ಟಗಳಿಗೆ ಭಾಗಶಃ ದುರದೃಷ್ಟ ಕಾರಣ ಎಂಬರ್ಥದ ಹೇಳಿಕೆ ಒಂದು ಕಡೆ, ಅವರು ಮಾಡುವ ತಪ್ಪುಗಳೇ ಕಾರಣ ಎಂಬರ್ಥದ್ದು ಇನ್ನೊಂದು ಕಡೆ. ಮತ್ತೊಂದು ಜೋಡಿ ಯುದ್ಧಗಳನ್ನು ಕುರಿತದ್ದು: ಜನ ರಾಜಕೀಯದಲ್ಲಿ ಸಾಕಷ್ಟು ಆಸಕ್ತಿ ವಹಿಸದಿರುವುದರಿಂದ ಯುದ್ಧಗಳಾಗುತ್ತವೆಯೋ, ಎಷ್ಟೇ ತಡೆದರೂ ಅವು ಇದ್ದೇ ಇರುತ್ತವೆಯೋ ಎಂದು ಅದು ಕೇಳುತ್ತದೆ. ತನ್ನ ಸ್ವಂತ ಕೆಲಸಗಳ ಬಗ್ಗೆ ತುಂಬ ಭರವಸೆಯಿದ್ದು, ದೇಶಗಳ ನಡುವಿನ ಯುದ್ಧ ತನ್ನ ಕೈಮೀರಿದ್ದು ಎಂದು ತಿಳಿದವರು ಎರಡನೆಯದಕ್ಕೆ ಬಾಹ್ಯ ಉತ್ತರವನ್ನೇ ಕೊಡುತ್ತಾರೆ. 1970ರಲ್ಲಿ ಮಿರೆಲ್ಸ್ ಎಂಬ ಸಂಶೋಧಕರು ಈ ಮಾಪಕದೊಳಗೆ ವೈಯಕ್ತಿಕ ನಿಯಂತ್ರಣ ಮತ್ತು ಸಾಮಾಜಿಕ, ರಾಜಕೀಯ ವ್ಯವಸ್ಥೆಯ ಮೇಲಿನ ನಿಯಂತ್ರಣ ಎಂಬ ಎರಡು ಬೇರೆ ಅಂಶಗಳಿರುವುದನ್ನು ತೋರಿಸಿದರು. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಿದರೆ ಆ ಅಂಕ ಏನನ್ನು ಹೇಳುತ್ತಿದೆ ಎಂಬುದು ಮಸುಕಾಗುತ್ತದೆ.

ನೇರನುಡಿ

ನೀವೆಲ್ಲ ಸೂಕ್ಷ್ಮಗಳನ್ನು ಹಿಡಿದುಕೊಂಡು ಮುಖ್ಯ ವಿಷಯವನ್ನು ಮರೆಯುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ಆಂತರಿಕ ನೆಲೆಯತ್ತ ವಾಲಿದವರು ಓದಿನಲ್ಲಿ, ಉದ್ಯೋಗದಲ್ಲಿ, ಆರೋಗ್ಯದಲ್ಲಿ ಸರಾಸರಿಯಾಗಿ ಮೇಲಿರುತ್ತಾರೆ ಎಂದು ದಶಕಗಳ ಅಧ್ಯಯನಗಳು ಹೇಳಿವೆ. ಅಮೆರಿಕದ ಶಾಲಾ ಶಿಕ್ಷಣದ ಬಗ್ಗೆ 1966ರಲ್ಲಿ ಬಂದ ಕೋಲ್ಮನ್ ವರದಿಯಂತೂ, ಹಿಂದುಳಿದ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಲ್ಲಿ ‘ನನ್ನ ಪರಿಸರ ನನ್ನ ಹಿಡಿತದಲ್ಲಿದೆ’ ಎಂಬ ಭಾವನೆಗೂ ಕಲಿಕೆಯ ಸಾಧನೆಗೂ ಬಲವಾದ ಸಂಬಂಧವಿದೆ ಎಂದು ಗುರುತಿಸಿತು. ಇಷ್ಟಿದ್ದ ಮೇಲೆ ತರಬೇತಿದಾರರು ‘ಆಂತರಿಕವಾಗಿರಿ’ ಎಂದರೆ ತಪ್ಪೇನು?

ತಾಳೆಗರಿ

ನೇರನುಡಿ ಅವರೇ, ಸಂಬಂಧವಿರುವುದು ನಿಜ. ಆದರೆ ಅದು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ರಾಟರ್ ಅವರ ಸಿದ್ಧಾಂತದ ಪ್ರಕಾರವೇ ನಿರೀಕ್ಷೆ ಅನುಭವದಿಂದ ಹುಟ್ಟುವಂಥದ್ದು. ಪ್ರಯತ್ನಕ್ಕೆ ತಕ್ಕ ಫಲ ಮತ್ತೆ ಮತ್ತೆ ದೊರೆತವರಲ್ಲಿ ಪ್ರಯತ್ನದ ಮೇಲಿನ ನಂಬಿಕೆ ಬಲಿಯುತ್ತದೆ. ಎಷ್ಟು ದುಡಿದರೂ ಫಲವನ್ನು ಬೇರೆಯವರೇ ನಿರ್ಧರಿಸುವ ವಾತಾವರಣದಲ್ಲಿ ಬೆಳೆದವರಲ್ಲಿ ಅದು ಬಲಿಯುವುದಿಲ್ಲ. ಹಾಗಿರುವಾಗ ಯಶಸ್ಸಿಗೆ ಆಂತರಿಕ ನೆಲೆ ಕಾರಣವಾದಂತೆಯೇ ಆಂತರಿಕ ನೆಲೆಗೆ ಯಶಸ್ಸೂ ಕಾರಣವಾಗಿರಬಹುದು. ಎರಡನೆಯ ಸಾಧ್ಯತೆಯನ್ನು ಮರೆಮಾಚಿ ಮೊದಲನೆಯದನ್ನು ಮಾತ್ರ ಹೇಳಿದರೆ, ಅನುಕೂಲವಂತರ ಅನುಕೂಲವನ್ನೇ ಅವರ ಸದ್ಗುಣವೆಂದು ಬಣ್ಣಿಸಿದಂತಾಗುತ್ತದೆ.

1957ರಲ್ಲಿ ಫೇರಸ್ ಎಂಬವರು ನಡೆಸಿದ ಪ್ರಯೋಗವೊಂದು ಇಲ್ಲಿ ನೆನಪಿಗೆ ಬರುತ್ತದೆ. ಎರಡು ಗುಂಪುಗಳಿಗೂ ಒಂದೇ ಕೆಲಸ. ಸರಿ ಮತ್ತು ತಪ್ಪುಗಳ ಕ್ರಮವನ್ನು ಮೊದಲೇ ನಿಗದಿ ಮಾಡಿಡಲಾಗಿತ್ತು. ಒಂದು ಗುಂಪಿಗೆ ಇದು ಕೌಶಲದ ಕೆಲಸವೆಂದೂ ಇನ್ನೊಂದಕ್ಕೆ ಇದು ಅದೃಷ್ಟದ ಆಟವೆಂದೂ ಹೇಳಲಾಯಿತು. ಕೌಶಲವೆಂದು ನಂಬಿದವರು ಗೆದ್ದಾಗ ಮುಂದಿನ ಸುತ್ತಿನ ನಿರೀಕ್ಷೆಯನ್ನು ಏರಿಸಿಕೊಂಡರು, ಸೋತಾಗ ಇಳಿಸಿಕೊಂಡರು. ಅದೃಷ್ಟವೆಂದು ನಂಬಿದವರಲ್ಲಿ ಆ ಬದಲಾವಣೆ ಕಡಿಮೆಯಿತ್ತು. ಅದೇ ಕೆಲಸ, ಅದೇ ಬಗೆಯ ಸೋಲುಗೆಲುವು. ಸನ್ನಿವೇಶವನ್ನು ಹೇಗೆ ವರ್ಣಿಸಲಾಯಿತು ಎಂಬುದೊಂದೇ ವ್ಯತ್ಯಾಸ. ಪರಿಕಲ್ಪನೆಯ ಬೇರು ಇರುವುದು ಇಂಥ ಕಡೆ, ಅಂದರೆ ಅನುಭವದಿಂದ ಜನ ಏನನ್ನು ಕಲಿಯುತ್ತಾರೆ, ಏನನ್ನು ಕಲಿಯುವುದಿಲ್ಲ ಎಂಬ ಪ್ರಶ್ನೆಯಲ್ಲಿ. ‘ಆಂತರಿಕವಾಗಿರಿ’ ಎಂಬ ಆದೇಶ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಹಳೆಯ ಚಾವಡಿ

ಇಲ್ಲಿ ಮೂರು ವಿಷಯಗಳು ಒಂದರೊಳಗೊಂದು ಬೆರೆತುಹೋಗುತ್ತಿವೆ, ಬಿಡಿಸಿಡುವುದು ಒಳ್ಳೆಯದು.

ಆತ್ಮವಿಶ್ವಾಸವನ್ನೂ ಆಂತರಿಕ ನೆಲೆಯನ್ನೂ ಒಂದೇ ಎಂದು ಅನೇಕರು ತಿಳಿಯುತ್ತಾರೆ. ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವ-ಸಾಮರ್ಥ್ಯದ ನಂಬಿಕೆ ಎಂದರೆ ‘ಈ ಕೆಲಸವನ್ನು ನಾನು ಮಾಡಬಲ್ಲೆ’ ಎಂಬುದು. ನಿಯಂತ್ರಣದ ನೆಲೆ ಹೇಳುವುದು ‘ಮಾಡಿದರೆ ಫಲ ಅದನ್ನು ಅನುಸರಿಸಿ ಬರುತ್ತದೆಯೇ’ ಎಂಬುದನ್ನು. ಇವೆರಡೂ ಬೇರೆಯಾಗಿ ನಿಲ್ಲಬಲ್ಲವು. ಅಭ್ಯಾಸ ಮಾಡಿದವರಿಗೆ ಈಜು ಬಂದೇ ಬರುತ್ತದೆ, ಆದರೆ ನನ್ನಿಂದ ಅಭ್ಯಾಸ ಮಾಡಲಾಗದು ಎನ್ನುವವರ ನೆಲೆ ಆಂತರಿಕ, ಆದರೆ ಸ್ವ-ಸಾಮರ್ಥ್ಯದ ನಂಬಿಕೆ ತೀರ ಕಡಿಮೆ. ಇಂಥವರಿಗೆ ಆಂತರಿಕ ನೆಲೆಯೇ ಮುಳ್ಳಾಗುತ್ತದೆ, ಏಕೆಂದರೆ ಸೋಲಿಗೆ ಹೊಣೆಗಾರರು ಯಾರೆಂದು ಕೇಳಿದರೆ ಅವರ ಬಳಿ ಇರುವ ಉತ್ತರ ಒಂದೇ. ಇದಕ್ಕೆ ತದ್ವಿರುದ್ಧವಾದವರೂ ಇದ್ದಾರೆ. ತನ್ನ ಕೆಲಸದಲ್ಲಿ ನಿಷ್ಣಾತೆಯಾಗಿದ್ದು, ಬಡ್ತಿ ಮಾತ್ರ ಮೇಲಧಿಕಾರಿಯ ಮರ್ಜಿಗೆ ಬಿಟ್ಟದ್ದು ಎಂದು ನಿಖರವಾಗಿ ಅಳೆದಿರುವ ನೌಕರಳನ್ನು ಅಂಜುಬುರುಕಿ ಎನ್ನಲಾಗದು.

ಇನ್ನೊಂದು ಗೊಂದಲವನ್ನು ಬರ್ನಾರ್ಡ್ ವೈನರ್ ಅವರ ಕೆಲಸ ಬಿಡಿಸುತ್ತದೆ. ಸೋಲುಗೆಲುವಿಗೆ ಜನ ಕೊಡುವ ಕಾರಣಗಳನ್ನು ಅವರು ಮೂರು ಕೋನಗಳಿಂದ ನೋಡಿದರು: ಕಾರಣ ನಮ್ಮೊಳಗಿದೆಯೋ ಹೊರಗಿದೆಯೋ, ಅದು ಸ್ಥಿರವೋ ಬದಲಾಗುವಂಥದ್ದೋ, ನಮ್ಮ ಹಿಡಿತಕ್ಕೆ ಸಿಗುವಂಥದ್ದೋ ಅಲ್ಲವೋ. ‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎನ್ನುವ ಹುಡುಗ ಕಾರಣವನ್ನು ತನ್ನೊಳಗೇ ಇಟ್ಟಿದ್ದಾನೆ, ಆದರೆ ಅದು ಅವನ ಪ್ರಕಾರ ಬದಲಾಗುವುದೂ ಇಲ್ಲ, ಹಿಡಿತಕ್ಕೆ ಸಿಗುವುದೂ ಇಲ್ಲ. ‘ಈ ಸಲ ಸರಿಯಾಗಿ ಓದಲಿಲ್ಲ’ ಎನ್ನುವವನ ಕಾರಣವೂ ಒಳಗಿನದೇ. ಅವನಿಗೆ ಮಾತ್ರ ಮುಂದಿನ ಸಲ ಮಾಡಲು ಏನೋ ಉಳಿದಿದೆ. ಕಾರಣ ಒಳಗಿದೆ ಎಂದ ಮಾತ್ರಕ್ಕೆ ನಿಯಂತ್ರಣವೂ ಒಳಗಿದೆ ಎಂದಾಗುವುದಿಲ್ಲ. ಶಿಕ್ಷಕರೂ ಪೋಷಕರೂ ಇದೊಂದನ್ನು ಗಮನಿಸಿದರೆ ಎಷ್ಟೋ ಬೈಗುಳಗಳು ಕಡಿಮೆಯಾದಾವು.

ಮೂರನೆಯದು ಕಲಿತ ಅಸಹಾಯಕತೆ, ಅಂದರೆ 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡ ಸಂಗತಿ: ತಪ್ಪಿಸಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳಲು ದಾರಿಯಿದ್ದಾಗಲೂ ಪ್ರಯತ್ನಿಸದೆ ಉಳಿದವು. ಅದು ನಿಜವಾದ ನಿಯಂತ್ರಣ ತಪ್ಪಿದಾಗ ಆಗುವ ಪರಿಣಾಮದ ಅಧ್ಯಯನ. ಬಾಹ್ಯ ನೆಲೆಯುಳ್ಳವರೆಲ್ಲ ಆ ಸ್ಥಿತಿಯಲ್ಲಿದ್ದಾರೆ ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ. ಅಷ್ಟಕ್ಕೂ ಅವರಿಬ್ಬರೇ 2016ರಲ್ಲಿ ಮೂಲ ವ್ಯಾಖ್ಯಾನವನ್ನು ತಿರುವುಹಾಕಿ, ದೀರ್ಘ ಯಾತನೆಯೆದುರು ನಿಷ್ಕ್ರಿಯತೆಯೇ ಸಹಜ ಪ್ರತಿಕ್ರಿಯೆ, ನಿಯಂತ್ರಣವಿದೆ ಎಂಬುದೇ ಕಲಿಯಬೇಕಾದದ್ದು ಎಂದು ಬರೆದರು.

ಸಂಜೆಮಲ್ಲಿಗೆ

ಈ ಚರ್ಚೆಯನ್ನು ಓದುತ್ತಾ ಬಂದೆ. ನನ್ನ ಅಕ್ಕನಿಗೆ ದೀರ್ಘಕಾಲದ ಕಾಯಿಲೆಯಿದೆ. ಆಪ್ತಸಲಹೆಗೆಂದು ಹೋದ ಒಂದು ಕಡೆ, ‘ಗುಣವಾಗುವುದು ನಿಮ್ಮ ಮನಸ್ಸಿನ ಕೈಯಲ್ಲಿದೆ, ನಿಮ್ಮ ನಿಯಂತ್ರಣದ ನೆಲೆಯನ್ನು ಒಳಗೆ ತನ್ನಿ’ ಎಂದು ಅವಳಿಗೆ ಹೇಳಿ ಕಳುಹಿಸಿದರು. ಅಂದಿನಿಂದ ಕಾಯಿಲೆ ಉಲ್ಬಣಿಸಿದಾಗಲೆಲ್ಲ, ತಾನು ಸಾಕಷ್ಟು ಧೈರ್ಯವಾಗಿ ಯೋಚಿಸಲಿಲ್ಲವೇನೋ ಎಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ವೈದ್ಯರು ಹೇಳಿದಂತೆ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾಳೆ. ‘ನೀನು ವೈದ್ಯರ ಮೇಲೆ ಭಾರ ಹಾಕುತ್ತೀಯ, ಅದೂ ಬಾಹ್ಯ ನೆಲೆಯೇ’ ಎಂಬ ಮಾತನ್ನೂ ಅವಳು ಅಲ್ಲಿ ಕೇಳಿಬಂದಳು. ಇದಕ್ಕೆ ಶಾಸ್ತ್ರದಲ್ಲಿ ನಿಜವಾಗಿಯೂ ಆಧಾರವಿದೆಯೇ?

ತಾಳೆಗರಿ

ಇಲ್ಲ, ಸಂಜೆಮಲ್ಲಿಗೆ ಅವರೇ. ಅಕ್ಕನಿಗೆ ದಯವಿಟ್ಟು ಇದನ್ನು ತಿಳಿಸಿ.

ಬಾಹ್ಯ ಎಂಬುದು ಒಂದೇ ಮುದ್ದೆಯಲ್ಲ ಎಂದು 1973ರಲ್ಲೇ ಹನ್ನಾ ಲೆವೆನ್ಸನ್ ವಾದಿಸಿದರು. ಬಲಾಢ್ಯರಾದ ಇತರರು ತನ್ನ ಬದುಕನ್ನು ನಿರ್ಧರಿಸುತ್ತಾರೆ ಎಂಬ ನಂಬಿಕೆಯೂ, ಎಲ್ಲವೂ ಆಕಸ್ಮಿಕ ಎಂಬ ನಂಬಿಕೆಯೂ ಬೇರೆ ಬೇರೆ; ಮೊದಲನೆಯದರಲ್ಲಿ ಜಗತ್ತಿಗೊಂದು ಕ್ರಮವಿದೆ, ಎರಡನೆಯದರಲ್ಲಿ ಅದೂ ಇಲ್ಲ. ಆದ್ದರಿಂದ ಆಂತರಿಕತೆ, ಬಲಾಢ್ಯರು, ಆಕಸ್ಮಿಕ ಎಂಬ ಮೂರು ಅಳತೆಗಳನ್ನು ಅವರು ಪ್ರತ್ಯೇಕವಾಗಿಯೇ ಇಟ್ಟರು. 1978ರಲ್ಲಿ ವಾಲ್‌ಸ್ಟನ್ ದಂಪತಿ ಮತ್ತು ಡಿವೆಲಿಸ್ ಆರೋಗ್ಯಕ್ಕೆಂದೇ ರೂಪಿಸಿದ ಮಾಪಕವೂ ಇದೇ ಮೂರನ್ನು ಪ್ರತ್ಯೇಕವಾಗಿ ಅಳೆಯುತ್ತದೆ. ಒಬ್ಬರೇ ವ್ಯಕ್ತಿಗೆ ಆಂತರಿಕತೆಯ ಅಂಕವೂ ಹೆಚ್ಚಿರಬಹುದು, ಬಲಾಢ್ಯರ ಅಂಕವೂ ಹೆಚ್ಚಿರಬಹುದು. ಸಕ್ಕರೆ ಕಾಯಿಲೆ ಇರುವವರೊಬ್ಬರು ‘ಪಥ್ಯ ನನ್ನ ಕೈಯಲ್ಲಿದೆ, ಔಷಧದ ಪ್ರಮಾಣ ವೈದ್ಯರ ಕೈಯಲ್ಲಿದೆ, ಈ ಕಾಯಿಲೆ ನನಗೇ ಏಕೆ ಬಂತು ಎಂಬುದು ಯಾರ ಕೈಯಲ್ಲೂ ಇಲ್ಲ’ ಎಂದರೆ ಆ ಮೂರು ಮಾತುಗಳೂ ಒಟ್ಟಿಗೆ ನಿಲ್ಲುತ್ತವೆ. ನಿಮ್ಮ ಅಕ್ಕ ಮಾಡುತ್ತಿರುವುದೂ ಇದನ್ನೇ. ತಿಳಿದವರ ಮಾತನ್ನು ನಂಬಿ ಔಷಧ ತೆಗೆದುಕೊಳ್ಳುವುದು ದೌರ್ಬಲ್ಯವಲ್ಲ.

ತನ್ನನ್ನೇ ಹೊಣೆ ಮಾಡಿಕೊಳ್ಳುವುದರ ಬಗ್ಗೆಯೂ ಹೇಳಬೇಕಾದದ್ದಿದೆ. ಅಪಘಾತದಿಂದ ದೇಹದ ಭಾಗಗಳ ಸ್ವಾಧೀನ ಕಳೆದುಕೊಂಡ 29 ಜನರನ್ನು ಮಾತನಾಡಿಸಿ 1977ರಲ್ಲಿ ಬುಲ್ಮನ್ ಮತ್ತು ವರ್ಟ್‌ಮನ್ ಪ್ರಕಟಿಸಿದ ಅಧ್ಯಯನದಲ್ಲಿ, ಅಪಘಾತಕ್ಕೆ ತಮ್ಮನ್ನೇ ಹೊಣೆ ಮಾಡಿಕೊಂಡವರು ಹೆಚ್ಚು ಚೆನ್ನಾಗಿ ಹೊಂದಿಕೊಂಡಂತೆ ಕಂಡಿತು. ಇದನ್ನು ಹಿಡಿದು ಸ್ವಯಂದೂಷಣೆ ಒಳ್ಳೆಯದು ಎನ್ನುವವರಿದ್ದಾರೆ. ಆದರೆ ಅವರಲ್ಲಿ ಮೊದಲನೆಯವರಾದ ಬುಲ್ಮನ್ ಅವರೇ 1979ರಲ್ಲಿ ತಮ್ಮ ನಡವಳಿಕೆಯನ್ನು ದೂಷಿಸುವುದನ್ನೂ ತಮ್ಮ ಸ್ವಭಾವವನ್ನೇ ದೂಷಿಸುವುದನ್ನೂ ಬೇರ್ಪಡಿಸಿದರು. ‘ಅಂದು ಹಾಗೆ ಮಾಡಬಾರದಿತ್ತು’ ಎನ್ನುವಲ್ಲಿ ಮುಂದೆ ತಿದ್ದಿಕೊಳ್ಳುವ ಅವಕಾಶವಿದೆ. ‘ನಾನೇ ಇಂಥವಳು’ ಎನ್ನುವಲ್ಲಿ ಅದಿಲ್ಲ, ಖಿನ್ನತೆಯೊಂದಿಗೆ ನಂಟಿರುವುದೂ ಈ ಎರಡನೆಯ ಬಗೆಗೇ. ಧೈರ್ಯವಾಗಿ ಯೋಚಿಸದಿದ್ದುದಕ್ಕೆ ಕಾಯಿಲೆ ಹೆಚ್ಚಿತು ಎಂದು ರೋಗಿಗೆ ಹೇಳುವುದು ಅವರನ್ನು ನೇರವಾಗಿ ಎರಡನೆಯ ಕಡೆಗೆ ನೂಕುತ್ತದೆ. ಅದನ್ನು ನಾನು ಚಿಕಿತ್ಸೆ ಎಂದು ಕರೆಯಲಾರೆ.

ಅಂಕಿಮನೆ

ತಾಳೆಗರಿ ಅವರ ಮಾತಿಗೆ ಒಂದು ಸೇರ್ಪಡೆ. ಒತ್ತಡ ಎದುರಿಸುವ ಬಗೆಗಳನ್ನು ಅಧ್ಯಯನ ಮಾಡಿದ ಸೂಸನ್ ಫೋಕ್‌ಮನ್ 1984ರಲ್ಲಿ ಬರೆದಂತೆ, ನಿಯಂತ್ರಣದ ನಂಬಿಕೆ ಎಲ್ಲ ಕಡೆಯೂ ಒತ್ತಡವನ್ನು ತಗ್ಗಿಸುವುದಿಲ್ಲ. ಬದಲಿಸಲಾಗದ ಸ್ಥಿತಿಯಲ್ಲಿ ಬದಲಿಸಲು ಹೆಣಗುತ್ತಲೇ ಇದ್ದರೆ ಒತ್ತಡ ಏರಲೂಬಹುದು. ನಂಬಿಕೆ ಮತ್ತು ವಾಸ್ತವ ಹೊಂದುತ್ತವೆಯೇ ಎಂಬುದು ನೋಡಬೇಕಾದ ಅಂಶ. ಎಲೆನ್ ಲ್ಯಾಂಗರ್ 1975ರಲ್ಲಿ ನಿಯಂತ್ರಣದ ಭ್ರಮೆಯ ಬಗ್ಗೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಲಾಟರಿ ಟಿಕೆಟನ್ನು ತಾವೇ ಆರಿಸಿಕೊಂಡವರು, ಬೇರೆಯವರು ಆರಿಸಿಕೊಟ್ಟದ್ದನ್ನು ಪಡೆದವರಿಗಿಂತ ಹೆಚ್ಚು ಬೆಲೆ ಸಿಕ್ಕರೆ ಮಾತ್ರ ಅದನ್ನು ಮಾರಲು ಒಪ್ಪಿದರು. ಆಂತರಿಕ ನಂಬಿಕೆಯೂ ಸುಳ್ಳಾಗಬಲ್ಲದು.

ಮಧ್ಯಾಹ್ನದ ಓದುಗ

ದೇವರ ಮೇಲೆ ಭಾರ ಹಾಕುವವರನ್ನು ಯಾವ ಕಡೆಗೆ ಸೇರಿಸುತ್ತಾರೆ?

ಹಳೆಯ ಚಾವಡಿ

ಹಳೆಯ ಮಾಪಕಗಳು ಅದನ್ನು ಬಾಹ್ಯ ಎಂಬುದರೊಳಗೇ ತುರುಕುತ್ತಿದ್ದವು. ಅದು ಸಾಲದೆಂದು ಕಂಡು ವಾಲ್‌ಸ್ಟನ್ ಮತ್ತು ಸಂಗಡಿಗರು 1999ರಲ್ಲಿ ದೇವರ ಬಗೆಗಿನ ನಂಬಿಕೆಗೆಂದೇ ಪ್ರತ್ಯೇಕ ಉಪಮಾಪಕವನ್ನು ರೂಪಿಸಿದರು. ದೇವರು ಕೈಬಿಡುವುದಿಲ್ಲ ಎಂದು ನಂಬಿಯೇ ಹೆಚ್ಚು ಶ್ರಮ ಹಾಕುವವರೂ ಇರುವುದರಿಂದ ಅದನ್ನು ಕೈಚೆಲ್ಲುವುದಕ್ಕೆ ಸಮಾನವೆಂದು ಲೆಕ್ಕ ಹಾಕುವುದು ಸರಿಯಲ್ಲ.

ನೇರನುಡಿ

ಕಾಯಿಲೆಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸಾಮಾಜಿಕ ವಿಷಯಗಳಲ್ಲಿ? ‘ವ್ಯವಸ್ಥೆಯೇ ಸರಿಯಿಲ್ಲ’ ಎನ್ನುವವರು ಕೊನೆಗೆ ಏನನ್ನೂ ಮಾಡದೆ ಕುಳಿತುಬಿಡುತ್ತಾರೆ ಎಂಬುದು ನಮ್ಮೆಲ್ಲರ ಅನುಭವವಲ್ಲವೇ?

ತಾಳೆಗರಿ

ಪರೀಕ್ಷಿಸಿ ನೋಡಿದಾಗ ಸಿಕ್ಕ ಉತ್ತರ ಅಷ್ಟು ಸರಳವಾಗಿಲ್ಲ. 1963ರಲ್ಲಿ ಗೋರ್ ಮತ್ತು ರಾಟರ್, ಅಮೆರಿಕದ ದಕ್ಷಿಣ ಭಾಗದ ಕಾಲೇಜೊಂದರ ಕಪ್ಪು ವಿದ್ಯಾರ್ಥಿಗಳಲ್ಲಿ ನಾಗರಿಕ ಹಕ್ಕುಗಳ ಹೋರಾಟಕ್ಕೆ ಇಳಿಯಲು ಯಾರು ಎಷ್ಟು ಸಿದ್ಧರಿದ್ದಾರೆ ಎಂದು ವಿಚಾರಿಸಿದಾಗ, ಆಂತರಿಕ ನೆಲೆಯತ್ತ ವಾಲಿದವರೇ ಹೆಚ್ಚು ಮುಂದೆ ಬಂದರು. ಇಲ್ಲಿಯವರೆಗೆ ನಿಮ್ಮ ಮಾತು ಗೆದ್ದಂತೆ. ಆದರೆ 1969ರಲ್ಲಿ ಗುರಿನ್ ಮತ್ತು ಸಂಗಡಿಗರು ಕಪ್ಪು ಯುವಜನರ ಅಧ್ಯಯನದಲ್ಲಿ ‘ನನ್ನ ಬದುಕಿನ ಮೇಲೆ ನನಗೆ ಹಿಡಿತವಿದೆ’ ಎಂಬುದನ್ನೂ ‘ಸಮಾಜದಲ್ಲಿ ಹಿಂದುಳಿದವರು ಹಿಂದುಳಿದದ್ದು ತಮ್ಮ ತಪ್ಪಿನಿಂದಲೇ’ ಎಂಬುದನ್ನೂ ಬೇರೆ ಬೇರೆಯಾಗಿ ಅಳೆದರು. ಎರಡನೆಯದನ್ನು ಒಪ್ಪದೆ ತಾರತಮ್ಯದ ವ್ಯವಸ್ಥೆಯನ್ನು ದೂಷಿಸಿದವರು, ಅಂದರೆ ಹಳೆಯ ಲೆಕ್ಕದಲ್ಲಿ ಬಾಹ್ಯ ಎನಿಸಿಕೊಳ್ಳುವ ಉತ್ತರ ಕೊಟ್ಟವರು, ಸಾಮೂಹಿಕ ಹೋರಾಟಕ್ಕೆ ಹೆಚ್ಚು ಒಲವು ತೋರಿದರು. ತನ್ನ ಶಕ್ತಿಯ ಮೇಲೆ ನಂಬಿಕೆ ಮತ್ತು ಅಡ್ಡಿ ಎಲ್ಲಿದೆ ಎಂಬುದರ ಸ್ಪಷ್ಟ ಅರಿವು ಒಬ್ಬರಲ್ಲೇ ಇರಬಹುದು. ಅವು ಒಟ್ಟಿಗಿದ್ದಾಗಲೇ ಜನ ಬೀದಿಗಿಳಿಯುತ್ತಾರೆ ಎಂಬುದು ನನ್ನ ಓದು.

ಬಾಹ್ಯ ಉತ್ತರ ಕೊಡುವವರೆಲ್ಲ ನಿಷ್ಕ್ರಿಯರು ಎಂಬುದನ್ನು ರಾಟರ್ ಅವರೂ ಒಪ್ಪಿರಲಿಲ್ಲ. ಸ್ಪರ್ಧೆಯಲ್ಲಿ ಚುರುಕಾಗಿ ಸೆಣಸುತ್ತಾ, ಸೋತರೆ ಮನಸ್ಸಿಗೆ ಪೆಟ್ಟಾಗದಿರಲೆಂದು ಮಾತಿನಲ್ಲಿ ಮಾತ್ರ ಅದೃಷ್ಟವನ್ನು ಮುಂದೆ ಮಾಡುವವರಿದ್ದಾರೆ ಎಂದು ಅವರು ಗುರುತಿಸಿದ್ದರು. ಪ್ರಶ್ನಾವಳಿಯಲ್ಲಿ ಇವರೂ ಬಾಹ್ಯವೆಂದೇ ದಾಖಲಾಗುತ್ತಾರೆ.

ಮಧ್ಯಾಹ್ನದ ಓದುಗ

ಕೊನೆಯದಾಗಿ, ಇದು ಬದಲಾಗುವಂಥದ್ದೇ, ಅಥವಾ ಒಮ್ಮೆ ಗಟ್ಟಿಯಾದ ಮೇಲೆ ಹಾಗೆಯೇ ಉಳಿಯುತ್ತದೆಯೇ?

ಅಂಕಿಮನೆ

ನಿರೀಕ್ಷೆ ಅನುಭವದಿಂದ ಬಂದದ್ದಾದರೆ ಅನುಭವದೊಂದಿಗೆ ಬದಲಾಗಲೇಬೇಕು. ಇಡೀ ತಲೆಮಾರುಗಳ ಮಟ್ಟದಲ್ಲೂ ಅದು ಸರಿದಿದೆ. 1960ರಿಂದ 2002ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಟ್ವೆಂಗೆ ಮತ್ತು ಸಹಲೇಖಕರು 2004ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಸರಾಸರಿ ಬಾಹ್ಯ ನೆಲೆಯತ್ತ ಗಣನೀಯವಾಗಿ ವಾಲಿತ್ತು. 2002ರ ಸರಾಸರಿ ವಿದ್ಯಾರ್ಥಿ 1960ರ ದಶಕದ ಆರಂಭದ ಸುಮಾರು 80% ವಿದ್ಯಾರ್ಥಿಗಳಿಗಿಂತ ಹೆಚ್ಚು ಬಾಹ್ಯ. ಅದಕ್ಕೆ ಕಾರಣವೇನು ಎಂಬ ವಿವರಣೆಗಳನ್ನು ಎಚ್ಚರದಿಂದ ಓದಬೇಕು, ಆದರೆ ಇದು ಹುಟ್ಟಿನಿಂದ ಬಂದ ಅಚ್ಚಲ್ಲ ಎಂಬುದಕ್ಕೆ ಇಷ್ಟು ಸಾಕು.

ಸಂಜೆಮಲ್ಲಿಗೆ

ಅಕ್ಕನಿಗೆ ಇಲ್ಲಿನ ಉತ್ತರಗಳನ್ನು ಓದಿ ಹೇಳಿದೆ. ಮುಂದಿನ ಭೇಟಿಯಲ್ಲಿ ಆಪ್ತಸಲಹೆಗಾರರ ಬಳಿ ಏನನ್ನು ಕೇಳಬೇಕು ಎಂದು ಅವಳು ಕೇಳುತ್ತಿದ್ದಾಳೆ.

ತಾಳೆಗರಿ

ತನ್ನ ನೆಲೆ ಆಂತರಿಕವೋ ಬಾಹ್ಯವೋ ಎಂದು ಕೇಳುವ ಅಗತ್ಯವಿಲ್ಲ. ಈ ಕಾಯಿಲೆಯಲ್ಲಿ ನಿದ್ರೆ, ವ್ಯಾಯಾಮ, ಔಷಧದ ಸಮಯ ಇವುಗಳಲ್ಲಿ ಯಾವುದನ್ನು ಬದಲಿಸಿದರೆ ಪರಿಣಾಮ ಕಾಣಬಹುದು, ಎಷ್ಟು ಕಾಲದ ನಂತರ ಕಾಣಬಹುದು, ಅದು ಕಾಣುತ್ತಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಲಿ. ಅದರ ಜೊತೆಗೆ, ಕಾಯಿಲೆ ಉಲ್ಬಣಿಸುವುದಕ್ಕೆ ತನ್ನ ನಡವಳಿಕೆಗೆ ಸಂಬಂಧಿಸದ ಕಾರಣಗಳು ಯಾವುವು ಎಂಬುದನ್ನೂ ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಉಲ್ಬಣಿಸಿದ ದಿನ ನೋಡಬೇಕಾದದ್ದು ಆ ಎರಡನೆಯ ಪಟ್ಟಿಯನ್ನು.